ಕಪಾಟಿನಲ್ಲಿ ಉಳಿದ ಲಕೋಟೆ

ಧಾರವಾಡದ ನ್ಯಾಯಾಲಯಗಳಲ್ಲಿ ಮೂರು ದಶಕ ಸರ್ಕಾರಿ ಅಭಿಯೋಜಕರಾಗಿ ದುಡಿದು, ಗೆದ್ದ ಮೊಕದ್ದಮೆಗಳಿಗಿಂತ ನಡುವೆಯೇ ಮುರಿದುಬಿದ್ದ ಮೊಕದ್ದಮೆಗಳ ಬೆನ್ನು ಹತ್ತಿದವರೆಂದೇ ಹೆಸರಾದ ಶ್ರೀಮತಿ ಸಂಘಮಿತ್ರಾ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಉಪ್ಪಿನಬೆಟಗೇರಿಯ ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಅವರ ಕೈಕೆಳಗೆ ಹನ್ನೊಂದು ವರ್ಷ ಕಲಿತ ನಾನು, ಹೊಗಳಿಕೆಗೆ ಬದಲಾಗಿ ನನ್ನದೊಂದು ತಪ್ಪನ್ನು ಇಲ್ಲಿ ಬರೆಯುತ್ತೇನೆ. ಅವರನ್ನು ನಾನು ಅರಿತದ್ದು ಅದರಿಂದಲೇ.

ಕೆಲಗೇರಿಯ ಯಲ್ಲೇಶ ಎಂಬ ಗುತ್ತಿಗೆ ಕಾರ್ಮಿಕರು ಗಬ್ಬೂರ ಬೈಪಾಸಿನ ಕಟ್ಟಡವೊಂದರ ಮಲಗುಂಡಿಯಲ್ಲಿ ಉಸಿರುಕಟ್ಟಿ ತೀರಿಕೊಂಡಿದ್ದರು. ಗುತ್ತಿಗೆದಾರನೇ ಗದರಿಸಿ ಇಳಿಸಿದನೆಂದು ಜೊತೆಗಾರ ಗಂಗಪ್ಪ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಿದ್ದರು. ಮೊಕದ್ದಮೆ ವಿಶೇಷ ನ್ಯಾಯಾಲಯಕ್ಕೆ ಹೋದಾಗ ಆ ಹೇಳಿಕೆಯ ಮೊಹರು ಹಾಕಿದ ಲಕೋಟೆಯನ್ನು ತರಿಸಿಕೊಳ್ಳುವುದು ನನ್ನ ಕೆಲಸ. ಮರೆತೆ. ಅದು ಕೆಳಗಿನ ನ್ಯಾಯಾಲಯದ ಕಪಾಟಿನಲ್ಲೇ ಉಳಿಯಿತು. ಯಲ್ಲೇಶ ತಾನಾಗಿಯೇ ಗುಂಡಿಗಿಳಿದಂತೆ ಕಾಣುತ್ತದೆಂದು ಹೇಳಿ, ವಿಶೇಷ ನ್ಯಾಯಾಲಯವು ವಿಚಾರಣೆಗೆ ಮೊದಲೇ ಗುತ್ತಿಗೆದಾರನನ್ನು ಆರೋಪದಿಂದ ಕೈಬಿಟ್ಟಿತು.

ಇಂಥ ಆದೇಶ ಬಂದಾಗ ‘ಮೇಲ್ಮನವಿಗೆ ಯೋಗ್ಯವಲ್ಲ’ ಎಂದು ಒಂದು ಸಾಲು ಬರೆದು ಕಡತ ಕಟ್ಟಿಡುವುದು ನಮ್ಮಲ್ಲಿ ಸಲೀಸಾದ ರೂಢಿ. ಮೇಡಂ ಹಾಗೆ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಬೆಳಿಗ್ಗೆ ನನ್ನನ್ನು ಯಲ್ಲೇಶರ ಪತ್ನಿ ಕಸ್ತೂರೆವ್ವನವರ ಮನೆಗೆ ಕರೆದೊಯ್ದರು.

“ಕಸ್ತೂರೆವ್ವ, ತಪ್ಪು ನಮ್ಮ ಕಚೇರಿದೈತ್ರಿ,” ಎಂದರು ಮೇಡಂ.

“ಅವಂಗ ಶಿಕ್ಷಾ ಆಗ್ಲಿ ಬಿಡ್ಲಿ, ಅಕ್ಕಾರ,” ಎಂದರು ಕಸ್ತೂರೆವ್ವ. “ನನ್ನ ಗಂಡ ತಾನಾಗೇ ಇಳದಾನಂತ ಬರದಾರಲ್ರಿ, ಅದನ್ನ ಅಳಸ್ರಿ. ಮಗಳು ಮಾಯಾ ಸಾಲಿ ಕಲ್ಯಾಕತ್ತಾಳ. ನಾಳೆ ಅದನ್ನ ಓದ್ತಾಳ.”

“ಅಳಸೂದು ನನ್ನ ಕೈಯಾಗಿಲ್ರಿ. ಹೈಕೋರ್ಟಿಗೆ ಹೋಗಿ ಕೇಳ್ತೇನಿ.”

ಮೇಲ್ಮನವಿ ಸಲ್ಲಿಸಲು ಸರ್ಕಾರದ ಅನುಮತಿ ಕೋರಿ ಬರೆದ ಅಭಿಪ್ರಾಯದಲ್ಲಿ ಅವರು ತಪ್ಪನ್ನು ಸಾಕ್ಷಿಯ ಮೇಲೆ ಹಾಕಲಿಲ್ಲ, ಕಿರಿಯಳಾದ ನನ್ನ ಮೇಲೂ ಹಾಕಲಿಲ್ಲ. ‘ಲೋಪ ನನ್ನದು’ ಎಂದು ಬರೆದು ಸಹಿ ಮಾಡಿದರು. ಆ ವರ್ಷ ಅವರ ಬಡ್ತಿ ತಪ್ಪಿತು. ಹೈಕೋರ್ಟು ಲಕೋಟೆಯನ್ನು ತರಿಸಿ ಓದಿ, ಯಲ್ಲೇಶ ತಾನಾಗಿಯೇ ಇಳಿದರೆಂಬ ಮಾತಿನ ಸಮೇತ ಆ ಆದೇಶವನ್ನು ರದ್ದುಪಡಿಸಿ, ವಿಚಾರಣೆ ನಡೆಸಲು ಹೇಳಿತು. ಹೈಕೋರ್ಟಿನ ಆದೇಶದ ಪ್ರತಿಯನ್ನು ಮೇಡಂ ಕೆಲಗೇರಿಗೆ ಒಯ್ದು ಮಾಯಾಳ ಕೈಯಿಂದಲೇ ಓದಿಸಿದರು.

ಗಂಗಪ್ಪ ಕಳೆದ ವಾರ ಸಾಕ್ಷಿ ನುಡಿದರು. ತೀರ್ಪು ಇನ್ನೂ ದೂರ. ಮೇಡಂ ಅವರ ಈ ಅಭಿನಂದನ ಗ್ರಂಥಕ್ಕಾಗಿ ಹಾರೈಕೆ ಕೇಳಿದಾಗ ಕಸ್ತೂರೆವ್ವ, “ನನ್ನ ಕೇಸು ಮುಗಿಯೂತನಕ ಅಕ್ಕಾರು ಗಟ್ಟಿ ಇರ್ಲಿ,” ಎಂದರು. ನಮ್ಮ ನ್ಯಾಯಾಲಯಗಳ ನಡಿಗೆ ಬಲ್ಲವರಿಗೆ ಇದು ಶತಾಯುಷ್ಯದ ಹಾರೈಕೆಯೇ ಸರಿ. ಮೇಡಂ, ನೂರು ಕಾಲ ಬಾಳಿರಿ, ಕಿರಿಯರನ್ನು ತಿದ್ದುತ್ತಿರಿ. ತೀರ್ಪಿನ ದಿನ ಹಿಂದಿನ ಬೆಂಚಿನಲ್ಲಿ ಕಸ್ತೂರೆವ್ವನವರ ಪಕ್ಕ ಬಂದು ಕೂಡಿರಿ. ನೀವು ವಾದಿಸುತ್ತಿದ್ದ ಮೇಜಿನ ಮುಂದೆ ನಾನು ನಿಂತಿರುತ್ತೇನೆ. ಕಡತದ ಹಾಳೆಗಳನ್ನು ಎರಡು ಸಲ ಎಣಿಸಿ ತಂದಿರುತ್ತೇನೆ.

— ಹುಮಾ