ನರ್ಸಮ್ಮನಿಗೆ ನಾನು ತಂದ ಪ್ರಸಾದ

ಪಟ್ಟಣದ ಹುಚ್ಚಾಸ್ಪತ್ರೆಯಲ್ಲಿ ನಮ್ಮ ವಾರ್ಡಿಗೆಲ್ಲ ಇದ್ದವರು ಇಬ್ಬರೇ: ಅಜ್ಜೀಪುರ ಕಡೆಯ ನರ್ಸಮ್ಮ, ಅವರ ಕೈಯಾಳಾಗಿ ನಾನು. ಇನ್ನಷ್ಟು ನರ್ಸುಗಳನ್ನು ಕಳಿಸುತ್ತಿಲ್ಲವೆಂದು ನಾನು ಗೊಣಗಿದರೆ ಅವರು ಸೆರಗು ಸಿಕ್ಕಿಸಿಕೊಂಡು, "ನಾವಿಲ್ವೇನ್ಲಾ ತಮ್ಮಾ?" ಎಂದು ನಗುತ್ತಿದ್ದರು. ಆ 'ನಾವು' ಎಂಬುದರಲ್ಲಿ ರೋಗಿಗಳೂ ಸೇರಿದ್ದರು. ಒಬ್ಬ ಒಲೆ ಉರಿಸುತ್ತಿದ್ದ, ಇನ್ನೊಬ್ಬ ಎಲ್ಲರ ತಲೆ ಬಾಚುತ್ತಿದ್ದ.

ನಮ್ಮಿಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಕದಲುವಂತಿರಲಿಲ್ಲ. ನರ್ಸಮ್ಮ ಆಗಷ್ಟೇ ಹುಟ್ಟಿದ ಮೊಮ್ಮಗುವನ್ನು ನೋಡಲು ಊರಿಗೆ ಹೊರಟು ನಿಂತಾಗ ನಾನು ಮಾದಪ್ಪನ ಬೆಟ್ಟಕ್ಕೆ ಹರಕೆಯಿದೆಯೆಂದು ಸುಳ್ಳು ಹೇಳಿದೆ.

"ದೇವ್ರ ಕೆಲ್ಸ, ನೀನೇ ಓಗ್ಬುಟ್ಟು ಬಾ" ಎಂದು ತಾವು ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿಟ್ಟರು.

ನಾನು ಹೋದದ್ದು ಹೊನ್ನೂರಿಗೆ, ಹೊಸ ಹೆಂಡತಿಯ ಕೈಯೂಟಕ್ಕೆ.

ಮರಳಿದಾಗ ಬೆಟ್ಟದ ವಿಭೂತಿಗೆಂದು ವಾರ್ಡಿಗೆ ವಾರ್ಡೇ ಕೈಯೊಡ್ಡಿತು. ಅಡುಗೆಮನೆಗೆ ನುಗ್ಗಿ ಒಲೆಯ ಬೂದಿಯನ್ನೇ ಪೊಟ್ಟಣ ಕಟ್ಟಿ ತಂದೆ. ಒಲೆ ಉರಿಸುವವನು ಮೂಸಿ ನೋಡಿ, "ಇದು ನನ್ ಒಲೆ ಬೂದಿ ಕಣಕ್ಕಾ!" ಎಂದ.

ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದನ್ನೇ ನನ್ನ ಹಣೆಯುದ್ದಕ್ಕೂ ಬಳಿದರು. ನಾನು ತಲೆಯೆತ್ತದೆ, "ನಾಳೆ ನೀವು ಊರಿಗೆ ಓಗ್ಬನ್ನಿ ಅಕ್ಕಾ" ಎಂದೆ.

"ನೀನೊಬ್ನೇ ಏನ್ಲಾ ಮಾಡೀಯೆ?"

ಉತ್ತರ ಕೊಟ್ಟವನು ಒಲೆಯವನು: "ನಾವಿಲ್ವೇನಕ್ಕಾ?"