ಮೊದಲು ಎದುರಿನವರ ಮಾತು

ಮೊನ್ನೆ ಯಶವಂತಪುರ ಮಾರ್ಕೆಟ್ಟಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸಿನ ಚೀಲದಿಂದ ಅವರೆಕಾಯಿ ಸೊಗಡು ಗಮ್ ಅಂತು. ಚಳಿ ಇನ್ನೂ ನೆಟ್ಟಗೆ ಶುರುವಾಗಿಲ್ಲ, ಆಗಲೇ ಕಾಯಿ ಬಂದುಬಿಟ್ಟಿದೆ. ನಾನು ಆ ಕಡೆ ನೋಡಿದ್ದು ಕಂಡು ಆಕೆ "ಒಳ್ಳೇ ಸೊಗಡಿದೆ ಕಣ್ರೀ, ಮೂಸಿ ನೋಡಿ" ಅಂತ ಎರಡು ಕಾಯಿ ಕೈಗಿಟ್ಟಳು. ಮೂಸುತ್ತಾ ಕೂತವಳಿಗೆ ಮತ್ತಿಕೆರೆ ದಾಟಿದ್ದೇ ಗೊತ್ತಾಗಲಿಲ್ಲ. ಮೇಷ್ಟ್ರು ನೆನಪಾಗಿದ್ದರು...

ಮೇಷ್ಟ್ರು ಅಂದರೆ ನಮ್ಮ ಎದುರುಮನೆಯವರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ರಿಟೈರಾಗಿದ್ದರು. ಅವರೆಕಾಯಿ ಕಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಒಂದು ರೂಢಿ ಇತ್ತು. ಸಾಯಂಕಾಲವಾದರೆ ನೆನೆಹಾಕಿದ ಕಾಳಿನ ಪಾತ್ರೆ ಹಿಡಕೊಂಡು ಎಲ್ಲರೂ ಅವರ ವರಾಂಡಕ್ಕೆ ಹೋಗೋದು, ಸಿಪ್ಪೆ ಬಿಡಿಸಿ ಬೇಳೆ ಹಿದುಕುತ್ತಾ ಕೂರೋದು. ಹೆಂಗಸರಷ್ಟೇ ಅಲ್ಲ, ಫ್ಯಾಕ್ಟರಿ ಕೆಲಸ ಮುಗಿಸಿ ಬಂದ ಗಂಡಸರೂ ಕೂರೋರು. ಕೈಗೆ ಕೆಲಸ, ಬಾಯಿಗೆ ಜಗಳ! ದೇವರು ಇದ್ದಾನೋ ಇಲ್ಲವೋ, ಓದಿದವರಿಗೆಲ್ಲ ಬುದ್ಧಿ ಇರುತ್ತಾ, ಹೊಲ ಮಾರಿ ಬಿಲ್ಡಿಂಗ್ ಕಟ್ಟಿಸಿದವನು ಬದುಕಿದನೋ ಕೆಟ್ಟನೋ, ಯಾವ ವಿಷಯವಾದರೂ ಸೈ.

ಆದರೆ ಮೇಷ್ಟ್ರದು ಒಂದು ಕಟ್ಟಳೆ. ನಿಮ್ಮ ಮಾತು ಹೇಳೋ ಮುಂಚೆ ಎದುರಿನವರ ಮಾತನ್ನ ನೀವೇ ಹೇಳಬೇಕು. ಕುಹಕ ಮಾಡಬಾರದು, ಅವರಿಗಿಂತ ಚೆನ್ನಾಗಿ ಹೇಳಬೇಕು. ಅವರು "ಹೂಂ" ಅಂದಮೇಲೆ ನಿಮ್ಮ ಸರದಿ. "ಹೂಂ" ಬರಲಿಲ್ಲವೋ, ಬಾಯಿ ಮುಚ್ಚಿಕೊಂಡು ಬೇಳೆ ಹಿದುಕಬೇಕು.

ನಾನೋ ಮೊದಲೇ ಬಾಯಿ ಜೋರು. ನಮ್ಮತ್ತೆ ನನಗೆ ಸಾರು ಮಾಡೋಕೆ ಬಿಡ್ತಿರಲಿಲ್ಲ, ಆ ಜಗಳ ಒಂದಿನ ವರಾಂಡಕ್ಕೆ ಬಂತು. ಮೇಷ್ಟ್ರು "ಅತ್ತೆ ಮಾತು ನೀನು ಹೇಳಮ್ಮ" ಅಂದರು. ವ್ಯಂಗ್ಯವಾಗಿ ಏನೇನೋ ಹೇಳಿದೆ, ಅತ್ತೆ ತಲೆಯನ್ನೇ ಎತ್ತಲಿಲ್ಲ. ಕೊನೆಗೆ ಬೇಸತ್ತು, "ಸೊಸೆ ಬಂದಮೇಲೆ ಈ ಮನೇಲಿ ನಂದು ಅಂತ ಏನೂ ಉಳಿದಿಲ್ಲ, ಸಾರಾದ್ರೂ ನಂದಾಗಿರಲಿ" ಅಂತ ಹೇಳಿಬಿಟ್ಟೆ. ಅತ್ತೆ ಕಾಳು ಹಿದುಕುತ್ತಾ ಮೆಲ್ಲಗೆ "ಹೂಂ" ಅಂದರು. ನನ್ನ ಸರದಿ ಬಂದಾಗ ಅತ್ತೆ ಪಾತ್ರೆಯಿಂದ ಒಂದು ಹಿಡಿ ಕಾಳು ತಗೊಂಡು ಹಿದುಕೋಕೆ ಕೂತೆ.

"ನಮಗೆ ಗೊತ್ತಿರೋದು ಇಷ್ಟೇ ಇಷ್ಟು, ಗೊತ್ತಿದೆ ಅಂದ್ಕೊಂಡಿರೋದು ಅಷ್ಟೊಂದು ಕಣಮ್ಮ. ಮನೆ ಒಡೆಯೋದೂ ಅದರಿಂದಲೇ, ದೇಶ ಒಡೆಯೋದೂ ಅದರಿಂದಲೇ" ಅಂತಿದ್ದರು ಮೇಷ್ಟ್ರು. ಆಗ ನನಗೆ ಅದು ಬರೀ ಮೇಷ್ಟ್ರ ಮಾತು. ಇವತ್ತು ನಮ್ಮ ಬೀದಿಯ ವಾಟ್ಸಾಪ್ ಗ್ರೂಪು ನೋಡಿದರೆ, ಬೆಳಗಾದರೆ ಒಬ್ಬರಿಗೊಬ್ಬರು ಕಚ್ಚಾಡೋದು ನೋಡಿದರೆ, ಅಯ್ಯೋ ಅನ್ನಿಸುತ್ತೆ.

ಮೇಷ್ಟ್ರಿಗೆ ಒಬ್ಬಳೇ ಮಗಳು. ಆ ವರಾಂಡದಲ್ಲೇ, ಆ ಕಟ್ಟಳೆಯಲ್ಲೇ ಬೆಳೆದವಳು. ಸೋಲದೇವನಹಳ್ಳಿ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಗಂಡನ ಮನೆಯೂ ಅಲ್ಲೇ. ಅಪ್ಪ ಮಗಳು ವಾದಕ್ಕೆ ಕೂತರೆ ನಾವೆಲ್ಲ ಕೈಕೆಲಸ ನಿಲ್ಲಿಸಿ ಕೇಳ್ತಿದ್ವಿ. ಅಷ್ಟು ಚೆಂದ.

ಆಮೇಲೆ ಮೇಷ್ಟ್ರ ಹೆಂಡತಿ ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದರು. ಬೇರೆ ದೊಡ್ಡ ಆಸ್ಪತ್ರೆಗೆ ಸೇರಿಸೋಣ ಅಂತ ಮಗಳು ಓಡಾಡುತ್ತಿದ್ದಾಗ ಮೇಷ್ಟ್ರು ಒಂದು ಬೆಳಿಗ್ಗೆ "ಸಾಕು, ಮನೆಗೆ ಕರಕೊಂಡು ಹೋಗೋಣ" ಅಂದುಬಿಟ್ಟರು. ಮನೆಗೆ ಬಂದ ವಾರದೊಳಗೆ ಆಕೆ ಹೋದರು. ತಿಥಿ ಮುಗಿಸಿ ಹೊರಡುವಾಗ ಮಗಳು ಗೇಟಿನ ಹತ್ತಿರ ನಿಂತು, "ಅಮ್ಮನ್ನ ಬಿಟ್ಟುಕೊಟ್ಟುಬಿಟ್ರಲ್ಲ ಅಪ್ಪ" ಅಂದಳು. ಮೇಷ್ಟ್ರು ತಿರುಗಿ ಒಳಗೆ ಹೋದರು. ಅವಳು ಬರೋದನ್ನೇ ನಿಲ್ಲಿಸಿದಳು.

ಅಪ್ಪ ಮಗಳು ಮುಖ ನೋಡದೆ ಎರಡು ವರ್ಷ ಕಳೆಯಿತು. ತಡೀಲಾರದೆ ನಾನೇ ಕೇಳಿದೆ, ಯಾಕೆ ಹಾಗೆ ಮಾಡಿದ್ರಿ ಅಂತ ಮಗಳಿಗೆ ಒಂದು ಫೋನ್ ಮಾಡಿ ಹೇಳಬಾರದಾ ಮೇಷ್ಟ್ರೇ ಅಂತ. "ಕೋಪ ಬಂದಿರೋದು ಅವಳಿಗೆ. ಮೊದಲು ನನ್ನ ಮಾತು ಅವಳು ಹೇಳ್ಲಿ, ಆಮೇಲೆ ಹೇಳ್ತೀನಿ" ಅಂದರು. ಮಗಳು ಒಂದಿನ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು. ಅವಳನ್ನೂ ಕೇಳಿದೆ. "ತೀರ್ಮಾನ ಮಾಡಿದ್ದು ಅವರು ಅಕ್ಕ. ಮೊದಲು ನನ್ನ ಮಾತು ಅವರು ಹೇಳ್ಲಿ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬೀದಿ ಜಗಳ ಬಿಡಿಸೋಕೆ ಇದ್ದ ಕಟ್ಟಳೆ ಅದು. ಅದನ್ನೇ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಹಾಕಿಕೊಂಡು, ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತಿದ್ದರು. ಹೆತ್ತ ಮಗಳ ಹತ್ತಿರ ಎಂಥ ತರ್ಕ ರೀ ಮೇಷ್ಟ್ರೇ! ಅಂತ ಮುಖಕ್ಕೆ ಹೇಳಿಯೂ ಬಂದೆ. ನಕ್ಕರು. ಆ ನಗು ನೋಡೋಕಾಗಲಿಲ್ಲ.

ಒಂದು ದಿನ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ತಲೆ ಆಡಿಸೋರು, "ಹೂಂ" ಅನ್ನೋರು, ಅಷ್ಟೇ.

ಸುದ್ದಿ ಕೇಳಿ ಮಗಳು ಓಡಿಬಂದಳು. ನಾನು ಗಂಜಿ ತಂದು ಅಲ್ಲೇ ನಿಂತಿದ್ದೆ. ಬಹಳ ಹೊತ್ತು ಅಪ್ಪನ ಕಾಲು ನೀವುತ್ತಾ ಕೂತಿದ್ದವಳು, "ಅಪ್ಪ, ನಿಮ್ಮ ಮಾತು ನಾನು ಹೇಳ್ತೀನಿ" ಅಂದಳು. "ಅಮ್ಮ ನರಳೋದು ನಿಮಗೆ ನೋಡೋಕಾಗಲಿಲ್ಲ, ಅದಕ್ಕೇ ಸಾಕು ಅಂದ್ರಿ." ಮೇಷ್ಟ್ರು ತಲೆ ಅಡ್ಡ ಆಡಿಸಿದರು. "ನಾನು ಸಾಲಗೀಲ ಮಾಡಿ ಹಾಳಾಗ್ತೀನಿ ಅಂತ ಹೆದರಿದ್ರಿ." ಅದಕ್ಕೂ ಅಡ್ಡ ಆಡಿಸಿದರು. "ಅಮ್ಮನೇ ಕೇಳಿಕೊಂಡ್ರಾ? ಮನೆಗೆ ಕರಕೊಂಡು ಹೋಗಿ ಅಂತ?" ಅದೂ ಅಲ್ಲ. ಬಾಯಿ ಏನನ್ನೋ ಹೇಳೋಕೆ ಒದ್ದಾಡುತ್ತಿತ್ತು, ಕಣ್ಣಲ್ಲಿ ನೀರು.

ಮಗಳು ಸೋತುಹೋದಳು. ಹಾಸಿಗೆಗೆ ಹಣೆ ಒತ್ತಿಕೊಂಡು, "ಹಾಗಾದ್ರೆ ನನಗೆ ಗೊತ್ತಿಲ್ಲ ಅಪ್ಪ. ನಿಮ್ಮ ಮನಸ್ಸಲ್ಲಿ ಏನಿತ್ತೋ ನನಗೆ ನಿಜವಾಗ್ಲೂ ಗೊತ್ತಿಲ್ಲ..." ಅಂದಳು.

"ಹೂಂ" ಅಂದರು ಮೇಷ್ಟ್ರು. ಎಡಗೈ ಎತ್ತಿ ಅವಳ ತಲೆ ಮೇಲಿಟ್ಟರು.

ಆ ವರ್ಷವೇ ಯುಗಾದಿಗೆ ಮುಂಚೆ ತೀರಿಕೊಂಡರು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಹುಡುಗರ ಪಿಜಿ ಎದ್ದಿದೆ. ವರಾಂಡ ಇದ್ದ ಕಡೆ ಬೈಕು ನಿಲ್ಲಿಸುತ್ತಾರೆ. ಬೇಳೆ ಹಿದುಕೋಕೆ ಯಾರೂ ಕೂರೋದಿಲ್ಲ, ಅಂಗಡಿಯಲ್ಲಿ ಪ್ಯಾಕೆಟ್ಟಲ್ಲಿ ಸಿಗುತ್ತೆ. ಅವರು ಸಾಕು ಅಂದಿದ್ದು ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಮೇಷ್ಟ್ರ ಮಗಳಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳದೇ ಇದ್ದಿದ್ದನ್ನ ಕೇಳಿಬಿಟ್ಟೆ. ಅಪ್ಪ ಹೂಂ ಅಂದಮೇಲೆ ನಿನ್ನ ಸರದಿ ಬಂದಿತ್ತಲ್ಲ ಕಣೇ, ನೀನು ಯಾಕೆ ನಿನ್ನ ಮಾತು ಹೇಳಲಿಲ್ಲ?

"ಹೇಳೋದೆಲ್ಲ ಆವತ್ತೇ ಮರೆತುಹೋಯ್ತು ಅಕ್ಕ. ಯಾಕಪ್ಪ ಅಂತ ಅಪ್ಪನ್ನ ಕೇಳೋದೊಂದೇ ಉಳಿದಿತ್ತು" ಅಂದಳು. ಆ ಕಡೆ ಅವಳು ಅಳುತ್ತಿದ್ದಳು, ಈ ಕಡೆ ನಾನು.