ಮೊಳೆಯಪ್ಪನ ಅಳತೆ

ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಸದಾ ನಾಲ್ಕೈದು ಮೊಳೆ ಇಟ್ಟುಕೊಂಡು ತಿರುಗುತ್ತಿದ್ದುದರಿಂದ ಬೀದಿಯವರು ಅವನಿಗೆ ಮೊಳೆಯಪ್ಪ ಎಂದು ಹೆಸರಿಟ್ಟಿದ್ದರು. ಅಂಚೆ ಕಚೇರಿಯಲ್ಲಿ ಅವನದು ಕಾಗದ ವಿಂಗಡಿಸುವ ಕೆಲಸ. ಆರಡಿ ಎರಡಂಗುಲದ ಆಳಾದ್ದರಿಂದ ಗೂಡುಗಳ ಮೇಲಿನ ಸಾಲು ಅವನ ಪಾಲಿಗೆ ಬಂದಿತ್ತು. ಇಪ್ಪತ್ತೆಂಟು ವರ್ಷದಿಂದ ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕಿದವನಲ್ಲ. ಆದರೆ ಅದನ್ನು ಅವನು ಕೆಲಸವೆಂದು ಎಣಿಸಿರಲೇ ಇಲ್ಲ. ಸಂಜೆ ಮನೆಗೆ ಬಂದು, ಹಳೆಯ ಅಂಗಿ ತೊಟ್ಟು, ಸುತ್ತಿಗೆ ಕೈಗೆತ್ತಿಕೊಂಡ ಮೇಲೆ ಮಾಡುವುದಷ್ಟೇ ಅವನ ಲೆಕ್ಕದಲ್ಲಿ ಕೆಲಸ.

ಆ ಮನೆಗೆ ಬಡಗಿಯಾಗಲಿ, ಗಾರೆಯವನಾಗಲಿ, ಪ್ಲಂಬರ್ ಆಗಲಿ ಕಾಲಿಟ್ಟದ್ದಿಲ್ಲ. ಅವನ ಕೆಲಸ ಗಟ್ಟಿ. ಇದನ್ನು ಅವನಿಗೆ ಆಗದವರೂ ಒಪ್ಪುತ್ತಿದ್ದರು, ಹೆಂಡತಿಯೂ ಒಪ್ಪುತ್ತಿದ್ದಳು. ಅವನು ಹೊಡೆದ ಮೊಳೆಯನ್ನು ಕೀಳಬೇಕಾದರೆ ಗೋಡೆಯ ಒಂದು ಪಾಲು ಜೊತೆಗೇ ಬರುತ್ತಿತ್ತು. ತೊಂದರೆಯೆಲ್ಲ ಇದ್ದದ್ದು ಅಳತೆಯಲ್ಲಿ. ಟೇಪನ್ನು ಅವನು ನಂಬುತ್ತಿರಲಿಲ್ಲ. ತನ್ನ ಗೇಣು, ತನ್ನ ಮೊಳ, ತನ್ನ ಸೊಂಟ, ತನ್ನ ಗಲ್ಲ, ಇಷ್ಟರಲ್ಲೇ ಅವನ ಸಕಲ ಅಳತೆಯೂ ಮುಗಿಯುತ್ತಿತ್ತು.

“ಟೇಪು ಇವತ್ತು ಇರುತ್ತೆ, ನಾಳೆ ಕಳೆದುಹೋಗುತ್ತೆ. ಕೈ ಎಲ್ಲಿ ಹೋಗುತ್ತೆ ಹೇಳು?” ಎನ್ನುತ್ತಿದ್ದ.

ಕೈ ಎಲ್ಲಿಗೂ ಹೋಗದು, ನಿಜ. ಆದರೆ ಅದು ಆರಡಿ ಎರಡಂಗುಲದ ಮನುಷ್ಯನ ಕೈಯೆಂಬುದೂ, ಮನೆಯ ಉಳಿದಿಬ್ಬರು, ಹೆಂಡತಿ ಮತ್ತು ಮಗಳು, ಐದಡಿಯ ಆಸುಪಾಸಿನವರೆಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ. ಅವನು ತೂಗುಹಾಕಿದ ಕನ್ನಡಿಯಲ್ಲಿ ಹೆಂಡತಿಗೆ ತನ್ನ ಹಣೆ ಮತ್ತು ಬೈತಲೆ ಮಾತ್ರ ಕಾಣುತ್ತಿದ್ದವು. ಅಡುಗೆಮನೆಯ ಹಲಗೆ ಎಟುಕುವುದಿಲ್ಲವೆಂದು ಅವಳು ದೂರಿದಾಗ ಹಲಗೆಯನ್ನು ಇಳಿಸದೆ ಒಂದು ಸ್ಟೂಲು ಮಾಡಿಕೊಟ್ಟಿದ್ದ. ಸ್ಟೂಲಿನ ಎತ್ತರ ಅವನ ಮೊಣಕಾಲಿನದು. ಅದನ್ನು ಹತ್ತುವುದಕ್ಕೆ ಇನ್ನೊಂದು ಸಣ್ಣ ಸ್ಟೂಲು ಬೇಕಾಯಿತು. ಅದನ್ನೂ ಅವನೇ ಬಹಳ ಉತ್ಸಾಹದಿಂದ ಮಾಡಿಕೊಟ್ಟ.

ಇಷ್ಟರವರೆಗೆ ಇದು ಮನೆಯೊಳಗಿನ ತಮಾಷೆಯಾಗಿತ್ತು. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ತಮಾಷೆಯಾಗಿ ಉಳಿಯಲಿಲ್ಲ.

ಅತ್ತೆಯೆಂದರೆ ಅವನ ಹೆಂಡತಿಯ ತಾಯಿ. ನಲವತ್ತೈದು ವರ್ಷ ಟೈಲರ್ ಆಗಿ ದುಡಿದು, ಸ್ವಂತ ಅಂಗಡಿಯಿಟ್ಟು, ಗಂಡನಿಲ್ಲದೆ ಮಗಳನ್ನು ಬೆಳೆಸಿದವರು. ನಾಲ್ಕಡಿ ಹತ್ತಂಗುಲದ ಆಕೆಯ ಎದುರು ನಿಂತರೆ ಎಂಥ ಗಿರಾಕಿಯೂ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ. ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಮುಂದಿನ ಶುಕ್ರವಾರ ಆಸ್ಪತ್ರೆಯಿಂದ ಬಿಡುತ್ತೇವೆಂದರು. ಮಗಳ ಮನೆಗೆ ಬರುವುದಕ್ಕೆ ಆಕೆ ಒಂದೇ ಒಂದು ಷರತ್ತು ಹಾಕಿದರು.

“ನೋಡೇ, ಬಚ್ಚಲಿಗೆ ನಾನೊಬ್ಬಳೇ ಹೋಗಿ ನಾನೊಬ್ಬಳೇ ಬರೋ ಹಾಗಿದ್ರೆ ನಿಮ್ಮನೆಗೆ ಬರ್ತೀನಿ. ಕಮೋಡಿನ ಮೇಲಿಂದ ಏಳ್ಸೋಕೆ ಒಬ್ಬರು ಬೇಕು ಅನ್ನೋದಾದ್ರೆ ಆರೈಕೆ ಕೇಂದ್ರಕ್ಕೆ ಸೇರ್ಸಿಬಿಡು. ಅಲ್ಲಿರೋರು ಗುರುತಿಲ್ಲದೋರು, ನಾಚಿಕೆ ಇಲ್ಲ.”

ಅದು ಬೆದರಿಕೆಯಲ್ಲ. ಆಕೆ ಬೆದರಿಸುವ ಜಾತಿಯವರಲ್ಲ, ಹೇಳಿದ್ದನ್ನು ಮಾಡುವ ಜಾತಿಯವರು. ಆರೈಕೆ ಕೇಂದ್ರದ ಅರ್ಜಿಯನ್ನು ಆಗಲೇ ತರಿಸಿ ದಿಂಬಿನ ಕೆಳಗಿಟ್ಟುಕೊಂಡಿದ್ದರು. ಆಸ್ಪತ್ರೆಯಲ್ಲಿ ಆಕೆಗೆ ನಡಿಗೆ ಕಲಿಸುವ ಹುಡುಗಿ ಹೆಂಡತಿಗೆ ಧೈರ್ಯ ಹೇಳಿದಳು: ಕಮೋಡಿನ ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ಹಿಡಿದುಕೊಳ್ಳುವುದಕ್ಕೆ ಒಂದು ಗಟ್ಟಿ ಕಂಬಿ ಇದ್ದರೆ ಸಾಕು, ತಾವೇ ಕೂತು ತಾವೇ ಏಳುತ್ತಾರೆ.

“ಪ್ಲಂಬರ್‌ಗೆ ಹೇಳ್ತೀನಿ,” ಎಂದಳು ಹೆಂಡತಿ, ಮನೆಗೆ ಬಂದವಳೇ.

ಮೊಳೆಯಪ್ಪ ಊಟದ ತಟ್ಟೆಯಿಂದ ಕೈ ತೆಗೆದ. “ಒಂದು ಕಂಬಿಗೆ ಪ್ಲಂಬರ್ರಾ? ನಾನಿನ್ನೂ ಬದುಕಿದ್ದೀನಿ ಕಣೇ.”

“ಬದುಕಿದ್ದೀರಿ, ಅದೇ ಭಯ.”

ಭಾನುವಾರ ಬೆಳಿಗ್ಗೆ ಅವನು ಬಚ್ಚಲಿಗೆ ಹೊಕ್ಕು ಬಾಗಿಲು ಹಾಕಿಕೊಂಡ. ಡ್ರಿಲ್ಲಿಂಗ್ ಮೆಷಿನ್ ಗೊರಗುಟ್ಟಿತು. ಗೋಡೆಯ ಧೂಳು ಬಾಗಿಲ ಸಂದಿಯಿಂದ ನಡುಮನೆಗೆ ಬಂತು. ಒಂದು ಗಂಟೆಯ ಹೊತ್ತಿಗೆ ಒಳ್ಳೆಯ ಕಬ್ಬಿಣದ ಕಂಬಿ, ನಾಲ್ಕು ಬೋಲ್ಟುಗಳ ಸಮೇತ, ಕಮೋಡಿನ ಬಲಗಡೆಯ ಗೋಡೆಯಲ್ಲಿ ಸಿಮೆಂಟು ಕಚ್ಚಿ ಕೂತಿತ್ತು. ಸಂಜೆಯ ಹೊತ್ತಿಗೆ ಸಿಮೆಂಟು ಬಿಗಿದ ಮೇಲೆ ಅವನು ಹೆಂಡತಿಯನ್ನೂ ಮಗಳನ್ನೂ ಕರೆದು ಬಾಗಿಲಲ್ಲಿ ನಿಲ್ಲಿಸಿದ. ಎರಡೂ ಕೈಯಿಂದ ಕಂಬಿ ಹಿಡಿದು ಕಾಲು ಮಡಿಸಿ ಜೋತುಬಿದ್ದ. ಕಂಬಿ ಮಿಸುಕಲಿಲ್ಲ.

“ಬೇಕಾದ್ರೆ ಆನೆ ಕಟ್ಟು,” ಎಂದ.

ಹೆಂಡತಿ ಒಳಗೆ ಬಂದು ಕಂಬಿಯ ಪಕ್ಕದಲ್ಲಿ ನಿಂತಳು. ಅದು ಅವಳ ಎದೆಮಟ್ಟಕ್ಕೆ ಬಂತು. ಕಾಲೇಜಿಗೆ ಹೋಗುವ ಮಗಳು ಕಮೋಡಿನ ಮೇಲೆ ಕೂತು ಬಲಗೈ ಚಾಚಿದಳು. ಅಂಗೈ ಊರುವ ಮಟ್ಟದಲ್ಲಿ ಕಂಬಿ ಇರಲಿಲ್ಲ. ಕೈಯನ್ನು ಭುಜಕ್ಕಿಂತ ಮೇಲೆತ್ತಿ ಹಿಡಿದಳು.

“ಅಪ್ಪಾ, ಅಜ್ಜಿ ಬಚ್ಚಲಿಗೆ ಬರ್ತಾರೋ ಬಸ್ಸು ಹತ್ತುತ್ತಾರೋ?”

“ಯಾವ ಅಳತೆಗೆ ಹಾಕಿದ್ರಿ?” ಎಂದು ಹೆಂಡತಿ ಕೇಳಿದಳು.

“ಸೊಂಟದ ಅಳತೆಗೆ. ನಡಿಗೆ ಹುಡುಗಿ ಸೊಂಟದ ಮಟ್ಟ ಅಂತಲೇ ತಾನೆ ಹೇಳಿದ್ದು?”

“ಯಾರ ಸೊಂಟ?”

ಮೊಳೆಯಪ್ಪ ತನ್ನ ಸೊಂಟವನ್ನು ಒಮ್ಮೆ ನೋಡಿಕೊಂಡ. ಆಮೇಲೆ, ತಪ್ಪೊಪ್ಪಿಕೊಳ್ಳುವುದಕ್ಕಿಂತ ಹೊಸ ಕೆಲಸ ಹಚ್ಚಿಕೊಳ್ಳುವುದು ಸುಲಭವೆಂದು ಬಲ್ಲ ಎಲ್ಲ ಗಂಡಸರಂತೆ, ಕಮೋಡಿನ ಸುತ್ತಲಿನ ನೆಲದತ್ತ ಕಣ್ಣು ಹಾಯಿಸಿದ.

“ಕಂಬಿ ಇಳಿಸೋಕಾಗಲ್ಲ, ಗೋಡೆ ಬರುತ್ತೆ. ಒಂದು ಕೆಲಸ ಮಾಡ್ತೀನಿ. ಕಮೋಡನ್ನ ಒಂದು ಗೇಣು ಎತ್ತಿ, ಸುತ್ತ ನೆಲಕ್ಕೆ ಮರದ ಹಲಗೆ ಹಾಕಿ—”

“ಹಾಗೇ ಮನೇನೂ ಎತ್ತಿಬಿಡಿ. ಬೀದೀನೂ ಎತ್ತಿ.” ಹೆಂಡತಿಯ ದನಿ ಏರಲಿಲ್ಲ, ಏರದಿದ್ದಾಗಲೇ ಅವನಿಗೆ ಹೆಚ್ಚು ಭಯ. “ರೀ, ಇಪ್ಪತ್ತೈದು ವರ್ಷ ನಾನು ಕನ್ನಡೀಲಿ ಮುಖ ನೋಡಿಲ್ಲ, ಸುಮ್ಮನಿದ್ದೀನಿ. ಅಮ್ಮ ನಿಮ್ಮ ಸೊಂಟದ ದೆಸೆಯಿಂದ ಆರೈಕೆ ಕೇಂದ್ರಕ್ಕೆ ಹೋಗೋದನ್ನ ಮಾತ್ರ ನೋಡ್ಕೊಂಡು ಸುಮ್ಮನಿರಲ್ಲ. ಬುಧವಾರ ಸಂಜೆಯೊಳಗೆ ಅವರ ಅಳತೆಗೆ ಸರಿಯಾಗಿ ಆಗಬೇಕು. ಆಗಲಿಲ್ಲ ಅಂದ್ರೆ ಗುರುವಾರ ಬೆಳಿಗ್ಗೆ ಪ್ಲಂಬರ್ ಬರ್ತಾನೆ.”

“ಅವರ ಅಳತೆ ನನಗೆ ಹೇಗೆ ಗೊತ್ತಾಗಬೇಕು?”

“ಬಾಯಿಲ್ವಾ? ಹೋಗಿ ಕೇಳಿ.”

ಕೇಳುವುದೇ ಅವನಿಗೆ ಕಷ್ಟವಾಗಿದ್ದದ್ದು. ಮದುವೆಯಾದಾಗಿನಿಂದ ಅತ್ತೆಗೂ ಅವನಿಗೂ ಆಗಿದ್ದ ಮಾತೆಲ್ಲ ‘ಚೆನ್ನಾಗಿದ್ದೀರಾ’, ‘ಬಸ್ಸು ಸಿಕ್ತಾ’ ಇಂಥವೇ. ಸೋಮವಾರ ಸಂಜೆ ಅವನು ಪೊರಕೆಯ ಕೋಲೊಂದನ್ನು ಹಿಡಿದು ಆಸ್ಪತ್ರೆಗೆ ಹೋದ. ಅತ್ತೆ ಹಿಡಿದು ತೋರಿಸಿದ ಕಡೆ ಕೋಲಿಗೆ ಗೀಟು ಹಾಕಿಕೊಂಡು ಬರುವುದು, ಹೆಚ್ಚು ಮಾತು ಬೇಡ, ಎಂಬುದು ಅವನ ಯೋಜನೆ.

ಅತ್ತೆ ಹಾಸಿಗೆಯಲ್ಲಿ ಕೂತು ನರ್ಸೊಬ್ಬಳ ಕೋಟಿಗೆ ಗುಂಡಿ ಹಾಕುತ್ತಿದ್ದರು. ಕೊರಳಲ್ಲಿ ಟೇಪು ಜೋತಾಡುತ್ತಿತ್ತು.

“ಬನ್ನಿ ಅಳಿಯಂದ್ರೇ. ಕೋಲು ಯಾಕೆ, ನನ್ನನ್ನ ಓಡಿಸೋಕಾ?”

ಅವನು ವಿಷಯ ಹೇಳಿದ. ಮೊದಲು ಹಾಕಿದ ಕಂಬಿಯ ಸುದ್ದಿ ಹೇಳಬಾರದೆಂದಿದ್ದವನು ಅದನ್ನೂ ಹೇಳಿಬಿಟ್ಟ. ಆಕೆ ಸೂಜಿ ನಿಲ್ಲಿಸಿ ಪೂರ್ತಿ ಕೇಳಿದರು.

“ನಿಮ್ಮ ಅಳತೆಗೆ ಹೊಲಿದು ನನಗೆ ತೊಡಿಸೋಕೆ ಹೊರಟ್ರಿ ಅನ್ನಿ.”

“ಕಂಬಿ ಗಟ್ಟಿಯಾಗಿದೆ, ಅತ್ತೆ.”

“ಗಟ್ಟಿಯಾಗಿರೋದು ದೊಡ್ಡದಲ್ಲ. ಗೋಣಿಚೀಲಾನೂ ಗಟ್ಟಿಯಾಗಿರುತ್ತೆ, ಯಾರಾದರೂ ತೊಟ್ಕೊಂಡು ಆಫೀಸಿಗೆ ಹೋಗ್ತಾರಾ?” ಎಂದು ಕೊರಳಿಂದ ಟೇಪು ತೆಗೆದು ಅವನತ್ತ ಚಾಚಿದರು. “ಹಿಡೀರಿ. ಆ ಕೋಲು ಮೂಲೇಲಿಡಿ. ಟೇಪು ಉಲ್ಟಾ ಹಿಡಿದಿದ್ದೀರಿ, ‘ಒಂದು’ ಅಂಕಿ ಇರೋ ತುದಿ ಕೆಳಗೆ.”

ನಡಿಗೆಯ ಹುಡುಗಿಯನ್ನು ಕರೆಸಿಕೊಂಡು ಅತ್ತೆ ನಿಧಾನಕ್ಕೆ ಎದ್ದರು. ಕಮೋಡಿನಷ್ಟೇ ಎತ್ತರದ ಕುರ್ಚಿ ತರಿಸಿ ಅದರಲ್ಲಿ ಕೂತರು. ಏಳುವಾಗ ಅಂಗೈ ಊರುವ ಮಟ್ಟ ಎಲ್ಲಿಗೆ ಬರುತ್ತದೆಂದು ತೋರಿಸಿದರು. ಮೊಳೆಯಪ್ಪ ಆರಡಿಯ ದೇಹವನ್ನು ಮೂರು ಮಡಿಕೆ ಮಾಡಿ ನೆಲದ ಮೇಲೆ ಮಂಡಿಯೂರಿ ಟೇಪು ಹಿಡಿದ.

“ಎಷ್ಟು?”

“ಇಪ್ಪತ್ತಾರು.”

“ಬಗ್ಗಿ ನೋಡಿ ಹೇಳಿ, ಮೇಲಿಂದ ನೋಡಿದ್ರೆ ತಪ್ಪು ಕಾಣುತ್ತೆ.”

ಅವನು ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದ. “ಇಪ್ಪತ್ತೈದೂವರೆ.”

“ಹಾಂ. ಆ ಅರ್ಧ ಇಂಚಿಗೆ ಗಿರಾಕಿಗಳು ನನ್ನ ತಲೆ ಮೇಲೆ ಬಟ್ಟೆ ಎಸೀತಿದ್ರು. ಬರ್ಕೊಳ್ಳಿ.”

ಬರೆದುಕೊಳ್ಳುವಾಗ ಅವನಿಗೊಂದು ಸಂಶಯ ಬಂತು. ಆಕೆ ತೋರಿಸಿದ್ದೆಲ್ಲ ಎಡಗೈಯಲ್ಲಿ.

“ಬಲಗೈ ಅಲ್ವಾ, ಅತ್ತೆ?”

ಆಕೆ ಬಲಗೈ ಎತ್ತಿ ಮುಂದೆ ಹಿಡಿದರು. ಹೆಬ್ಬೆರಳ ಬುಡದ ಗಂಟು ಒಂದು ನಿಂಬೆಕಾಯಿಯಷ್ಟು ದಪ್ಪವಾಗಿತ್ತು. “ನಲವತ್ತೈದು ವರ್ಷ ಕತ್ತರಿ ಹಿಡಿದ ಕೈ. ಭಾರ ಹಾಕಿದ್ರೆ ತಡೆಯಲ್ಲ, ನೀರು ತುಂಬಿದ ಲೋಟಾನೂ ನಿಲ್ಲಲ್ಲ. ನಾನು ಊರಿ ಏಳೋದೆಲ್ಲ ಎಡಗೈಯಲ್ಲೇ. ನೀವು ಯಾವ ಕಡೆ ಹಾಕಿದ್ದೀರಿ?”

“ಬಲಗಡೆ.”

ಅತ್ತೆ ಗುಂಡಿ ಹಾಕುವ ಕೆಲಸಕ್ಕೆ ಮರಳಿದರು. ಮೊಳೆಯಪ್ಪ ಟೇಪನ್ನು ಸುತ್ತಿ ಆಕೆಯ ಕೈಗೆ ಮರಳಿಸಿದ. ಎತ್ತರ ಸರಿಯಿದ್ದಿದ್ದರೂ ಅವನ ಆನೆ ಕಟ್ಟುವ ಕಂಬಿಯನ್ನು ಆಕೆ ಆ ಕೈಯಲ್ಲಿ ಹಿಡಿಯುತ್ತಿದ್ದರು, ಕೈ ಜಾರುತ್ತಿತ್ತು, ಇನ್ನೊಂದು ಸೊಂಟದ ಮೂಳೆಯೂ ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಅತ್ತೆಯ ಕೈಯನ್ನು ಅವನು ನೋಡಿದ್ದು ಅಂದೇ ಮೊದಲು.

ಮಂಗಳವಾರ ಸಂಜೆ ಅವನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕಂಬಿಗೆ ಪೈಪಿನ ಜೊತೆ ಒಂದು ಟೇಪನ್ನೂ ಕೇಳಿದ. ಅಂಗಡಿಯವನು ಕನ್ನಡಕ ಮೇಲಕ್ಕೇರಿಸಿದ.

“ಯಾರಿಗೆ, ಉಡುಗೊರೆಗಾ?”

“ನನಗೇ.”

“ಮೊಳೆಯಪ್ಪೋರೇ, ಮೈ ಹುಷಾರಾಗಿದೆ ತಾನೇ? ಕೈ ಎಲ್ಲೋ ಕಳೆದುಹೋಯ್ತಾ?”

“ಪೈಪು ಕತ್ತರಿಸೋ. ಬಾಯಿ ಆಮೇಲೆ.”

ಕಮೋಡಿನ ಎಡಗಡೆ ಗೋಡೆಯೇ ಇರಲಿಲ್ಲ, ಬರಿಯ ನೆಲ. ಅಲ್ಲಿ ಕಂಬಿ ನಿಲ್ಲಬೇಕಾದರೆ ನೆಲದಿಂದಲೇ ಎರಡು ಕಾಲು ಎಬ್ಬಿಸಬೇಕು. ಅವನು ಪೈಪನ್ನು ಬಗ್ಗಿಸಿಕೊಂಡು, ಕಾಲುಗಳಿಗೆ ಅಗಲವಾದ ಕಬ್ಬಿಣದ ಪಾದ ಬೆಸೆಯಿಸಿ ತಂದ. ಅಂದು ರಾತ್ರಿ ನಡೆದದ್ದನ್ನು ಮಗಳು ತನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಅಪ್ಪ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಟೇಪು ನೋಡಿದ, ಎದ್ದ, ಮತ್ತೆ ಮಲಗಿ ನೋಡಿದ, ಕಾಗದದಲ್ಲಿ ಬರೆದುಕೊಂಡ, ಬರೆದದ್ದನ್ನು ನಂಬದೆ ಇನ್ನೊಮ್ಮೆ ಮಲಗಿದ. ಒಂದು ತೂತು ಕೊರೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತೂತು ನಾಲ್ಕಲ್ಲ, ಎಂಟು.

ಬುಧವಾರ ಸಂಜೆ ಹೆಂಡತಿ ಕಮೋಡಿನ ಮೇಲೆ ಕೂತು, ಎಡಗೈ ಊರಿ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಅವನು ಬಾಗಿಲಲ್ಲಿ ಪರೀಕ್ಷೆಗೆ ಕೂತ ಮಗುವಿನ ತಾಯಿಯಂತೆ ನಿಂತಿದ್ದ.

“ಹೇಗಿದೆ?”

“ಅಮ್ಮ ಹೇಳಬೇಕು,” ಎಂದು ಹೆಂಡತಿ ಹೊರಗೆ ಬಂದಳು. ಆದರೆ ಪ್ಲಂಬರ್‌ಗೆ ಫೋನು ಮಾಡಿ ಬರುವುದು ಬೇಡವೆಂದಳು.

ಶುಕ್ರವಾರ ಅತ್ತೆ ಬಂದರು. ಕಾಲು ಚಾಚಿ ಕೂರಿ ಎಂದರೂ ಕೇಳದೆ, ವಾಕರ್ ಹಿಡಿದು ನೇರವಾಗಿ ಬಚ್ಚಲಿಗೆ ನಡೆದರು. ಮೊದಲು ಗೋಡೆಯ ಕಂಬಿಯನ್ನು ತಲೆಯೆತ್ತಿ ನೋಡಿದರು.

“ಇದು ಯಾರಿಗೆ?”

“ಅದು ಅಪ್ಪನ ಸ್ಮಾರಕ, ಅಜ್ಜಿ,” ಎಂದಳು ಮೊಮ್ಮಗಳು.

“ಹೆಸರು ಕೆತ್ತಿಸಿಲ್ವಾ? ಟವೆಲ್ ಹಾಕೋಕಾಯ್ತು ಬಿಡು.”

ಆಮೇಲೆ ಹೊಸ ಕಂಬಿಯ ಪಕ್ಕಕ್ಕೆ ಬಂದರು. ಕೊರಳ ಟೇಪು ತೆಗೆದು ತುದಿಯನ್ನು ನೆಲದತ್ತ ಇಳಿಬಿಟ್ಟು ಓದಿದರು.

“ಇಪ್ಪತ್ತೈದೂ ಮುಕ್ಕಾಲು.”

“ಪಾದದ ತಗಡು ಕಾಲಿಂಚು ದಪ್ಪ, ಅತ್ತೆ. ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.”

ಆಕೆ ಟೇಪು ಸುತ್ತಿ ತಮ್ಮ ಮಗಳ ಕೈಗೆ ಕೊಟ್ಟರು. “ನನ್ನ ಮೊದಲನೇ ಅಂಗಿಗೆ ಒಂದು ತೋಳು ಎರಡಿಂಚು ಗಿಡ್ಡ ಆಗಿತ್ತು. ಎಲ್ಲರೂ ಹೊರಗೆ ನಡೀರಿ.”

“ಅಮ್ಮಾ, ಚಿಲಕ ಹಾಕ್ಕೋಬೇಡ. ಇವತ್ತೊಂದು ದಿನ,” ಎಂದಳು ಹೆಂಡತಿ.

ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಮೂವರಿಗೂ ಕೇಳಿಸಿತು.

ಅವರು ನಿಂತೇ ಇದ್ದರು. ಹೆಂಡತಿ ಗೋಡೆಗೆ ಕೈಯೂರಿದ್ದಳು. ಮಗಳು ಕೂಡ ತಮಾಷೆ ಮಾಡಲಿಲ್ಲ. ಮೊಳೆಯಪ್ಪ ಮನಸ್ಸಿನಲ್ಲೇ ಎಂಟು ಬೋಲ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿದ. ಮೂರನೆಯದರ ಮೇಲೆ ಅವನಿಗೆ ಅಷ್ಟು ಭರವಸೆ ಇರಲಿಲ್ಲ.

“ಉಸಿರಾಡೋದು ಇಲ್ಲಿಗೆ ಕೇಳ್ತಿದೆ,” ಎಂದಿತು ಒಳಗಿನ ದನಿ. “ನಿಮಗ್ಯಾರಿಗೂ ಮಾಡೋಕೆ ಕೆಲಸ ಇಲ್ವಾ?”

ಮೂವರೂ ನಾಲ್ಕು ಹೆಜ್ಜೆ ಹಿಂದೆ ಸರಿದರು, ಅದಕ್ಕಿಂತ ಹೆಚ್ಚಿಲ್ಲ. ಒಂದು ನಿಟ್ಟುಸಿರು ಕೇಳಿಸಿತು, ಭಾರ ಎತ್ತುವವರದು. ಹೆಂಡತಿ ಬಾಗಿಲತ್ತ ಒಂದು ಹೆಜ್ಜೆ ಇಟ್ಟಳು. ಅವನು ಅವಳ ತೋಳು ಹಿಡಿದು ನಿಲ್ಲಿಸಿದ. ಆಮೇಲೆ ನೀರು ಸುರಿದ ಸದ್ದು, ನಲ್ಲಿ ತಿರುಗಿಸಿದ ಸದ್ದು, ವಾಕರಿನ ಕಾಲು ನೆಲಕ್ಕೆ ತಾಗಿದ ಸದ್ದು.

ಚಿಲಕ ಸರಿಯಿತು. ಅತ್ತೆ ಹೊರಗೆ ಬಂದರು. ಸೀರೆಯ ನೆರಿಗೆ ಸರಿಯಾಗಿತ್ತು, ಎಡಗೈ ಒದ್ದೆಯಾಗಿತ್ತು. ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ದಾಟಿಹೋಗಿ, ಕೋಣೆಯ ಮಂಚದ ಮೇಲೆ ನಿಧಾನಕ್ಕೆ ಕೂತರು.

“ಆಸ್ಪತ್ರೆ ಚೀಲದಲ್ಲಿ ಆರೈಕೆ ಕೇಂದ್ರದ ಅರ್ಜಿ ಇದೆ,” ಎಂದು ತಮ್ಮ ಮಗಳಿಗೆ ಹೇಳಿದರು. “ಹಿಂದಿನ ಪುಟ ಖಾಲಿ ಇದೆ, ಹರಿದು ಹಾಕಬೇಡ. ಬ್ಲೌಸಿನ ಕಟಿಂಗ್ ಬರೆಯೋಕೆ ಬೇಕಾಗುತ್ತೆ.”